ಕೆಂಪು ಟೆಲಿಫೋನ್ ಬೂತು ಕಟ್ಟಡವಾದ ವಾರ

೨೦೧೩ರ ಅಕ್ಟೋಬರ್‌ನಲ್ಲಿ ನಾನು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ, ಲಿಂಡ್‌ಹೋಲ್ಮೆನ್ ಬಡಾವಣೆಯ ಒಂದು ಗುತ್ತಿಗೆ ಕಂಪನಿಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾದರೂ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು: ದೇಶದ ಪಶ್ಚಿಮ ಭಾಗದಲ್ಲಿ ಉಳಿದಿದ್ದ ಸಾರ್ವಜನಿಕ ಟೆಲಿಫೋನ್ ಬೂತುಗಳನ್ನು ಒಂದೊಂದಾಗಿ ತೆಗೆಸಿಹಾಕುವುದು. ಎಲ್ಲರ ಜೇಬಿನಲ್ಲೂ ಮೊಬೈಲ್ ಬಂದಿತ್ತು. ಬೂತಿನೊಳಗೆ ಹೋಗಿ ಫೋನು ಮಾಡುವವರು ಇರಲಿಲ್ಲ.

ನನಗೆ ಆಗ ನಲವತ್ತೊಂಬತ್ತು ವರ್ಷ. ಅದಕ್ಕೆ ಮೊದಲು ಮೈಸೂರು, ಹಾಸನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಬಹಳ ವರ್ಷ ದುಡಿದಿದ್ದೆ. ಎಸ್‌ಟಿಡಿ ಬೂತಿಗೆ ಅರ್ಜಿ ಹಾಕಿದವರು ನಮ್ಮ ಕಚೇರಿಯ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ ಅದು. ಯಾವ ವಸ್ತುವಿಗೆ ಸಂಪರ್ಕ ಕೊಟ್ಟು ಸಂಬಳ ತೆಗೆದುಕೊಂಡಿದ್ದೆನೋ ಅದರ ಸಂಪರ್ಕ ತೆಗೆಯುವುದಕ್ಕೆ ಈಗ ಸಂಬಳ. ಇದನ್ನು ಹೇಳಿದರೆ ನನ್ನ ಮ್ಯಾನೇಜರ್ ಮಾಟ್ಸ್ ಪ್ರತಿ ಸಲವೂ ನಗುತ್ತಿದ್ದ. ಅಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯುವುದು. ಆರು ತಿಂಗಳಾದರೂ ನನ್ನ ಬಾಯಿಗೆ ಅದು ಸಲೀಸಾಗಿ ಬರುತ್ತಿರಲಿಲ್ಲ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ವರ್ಕ್ ಪರ್ಮಿಟ್ ಮೊದಲ ಎರಡು ವರ್ಷ ನಮ್ಮನ್ನು ಒಂದೇ ಕಂಪನಿಗೆ ಕಟ್ಟಿಹಾಕಿರುತ್ತದೆ. ಆ ಕಂಪನಿ ಬೇಡ ಎಂದರೆ ಬೇರೆ ಕೆಲಸವನ್ನು ಬೇಗ ಹುಡುಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಾನು ಮೊದಲ ವರ್ಷದಲ್ಲಿದ್ದೆ.

ಕೆಲಸಕ್ಕೆ ಒಂದು ಪಟ್ಟಿ ಇತ್ತು. ಪ್ರತಿ ಬೂತಿಗೆ ಒಂದು ಸಂಖ್ಯೆ, ಒಂದು ಮಾದರಿ, ಒಂದು ಫೋಟೊ, ತೆಗೆಯುವ ದಿನಾಂಕ. ಹೆಚ್ಚಿನವು ಅಲ್ಯೂಮಿನಿಯಂ ಚೌಕಟ್ಟಿಗೆ ಗಾಜು ಕೂರಿಸಿದವು. ನಾಲ್ಕು ಬೋಲ್ಟು ಬಿಚ್ಚಿ, ಕ್ರೇನಿನಲ್ಲಿ ಎತ್ತಿ, ಲಾರಿಗೆ ಹಾಕಿದರೆ ಒಂದು ಗಂಟೆಯ ಕೆಲಸ. ಶೋವ್ಡೆ ಪಟ್ಟಣದಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನ ಸಾಲಿಗೆ ಬಂದಾಗ ಮಾತ್ರ ನನ್ನ ಬೆರಳು ಮೌಸಿನ ಮೇಲೆ ನಿಂತಿತು. ಮಾದರಿ: ಇತರೆ. ವಿವರ: ಸಾಗಿಸಬಹುದಾದ ಸಾಧನ. ಬಣ್ಣ: ಕೆಂಪು, ಹೊಸದು. ಫೋಟೊ: ಇಲ್ಲ. ತೆಗೆಯುವ ದಿನ: ಮುಂದಿನ ಗುರುವಾರ.

ಫೋಟೊ ಇಲ್ಲದೆ ಸಂಪರ್ಕ ಕಡಿಯುವಂತಿಲ್ಲ ಎಂಬುದು ನಮ್ಮ ನಿಯಮ. ಆ ಒಂದು ಫೋಟೊಗಾಗಿ ನಾನು ಅಲ್ಲಿಗೆ ಹೋದೆ. ಅದಷ್ಟೇ ಕಾರಣ. ಪರಂಪರೆ, ಸಂರಕ್ಷಣೆ ಇಂಥ ಯಾವ ಮಾತೂ ನನ್ನ ತಲೆಯಲ್ಲಿರಲಿಲ್ಲ.

ಶೋವ್ಡೆ ಸ್ಟೇಷನ್ನಿನಲ್ಲಿ ರಾಘು ವ್ಯಾನು ತಂದಿದ್ದ. ರಾಘವೇಂದ್ರ ನಮ್ಮ ಕಂಪನಿಯ ಫೀಲ್ಡ್ ಟೆಕ್ನಿಷಿಯನ್, ಬೆಂಗಳೂರಿನ ಯಶವಂತಪುರದವನು, ಮೂವತ್ತೈದು ದಾಟಿದವನು. ಹೆಂಡತಿ ಶೋವ್ಡೆಯ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆದ್ದರಿಂದ ಅಲ್ಲೇ ಮನೆ ಮಾಡಿದ್ದ. ಸ್ವೀಡನ್ನಿಗೆ ಬಂದು ನಾಲ್ಕು ವರ್ಷವಾದರೂ ನನ್ನನ್ನು ಹೆಸರು ಹಿಡಿದು ಕರೆಯಲು ಒಪ್ಪಿರಲಿಲ್ಲ.

"ಮೇಡಂ, ಒಂದು ಫೋಟೊಗೆ ಇಷ್ಟು ದೂರನಾ? ಗೂಗಲ್‌ನಲ್ಲಿ ಸ್ಟ್ರೀಟ್ ನೋಡಿ ಸ್ಕ್ರೀನ್‌ಶಾಟ್ ಹಾಕಿದ್ರೆ ಆಗ್ತಿತ್ತಲ್ಲ" ಎಂದ.

"ಹಾಗೆ ಮಾಡಿದವರು ಯಾರೋ 'ಇತರೆ' ಅಂತ ಬರೆದಿದ್ದಾರೆ ನೋಡು" ಎಂದೆ.

ಊರಿನ ಚೌಕಕ್ಕೆ ತಿರುಗಿದ ಕೂಡಲೇ ರಾಘು ಬ್ರೇಕು ಹಾಕಿ, "ಅಯ್ಯೋ" ಎಂದ. ಕಲ್ಲು ಹಾಸಿದ ಚೌಕ, ಒಂದು ಕಡೆ ಹಳೆಯ ರೈಲು ನಿಲ್ದಾಣ, ಇನ್ನೊಂದು ಕಡೆ ಬೇಕರಿ, ಅವೆರಡರ ನಡುವೆ ಎತ್ತರದ ಒಂದು ಲಿಂಡನ್ ಮರ. ಅದರ ಹಳದಿ ಎಲೆಗಳ ನಡುವೆ ಅದು ನಿಂತಿತ್ತು. ಮರದ ಬೂತು. ನಾಲ್ಕು ಮೂಲೆಯ ಕಂಬ, ಎದೆಯೆತ್ತರದವರೆಗೆ ಹಲಗೆ, ಅದರ ಮೇಲೆ ಸಣ್ಣ ಸಣ್ಣ ಗಾಜಿನ ಕಿಟಕಿ, ತಲೆಯ ಮೇಲೆ ನಾಲ್ಕೂ ಕಡೆ ಇಳಿಜಾರಾದ, ತುದಿಯಲ್ಲಿ ಗುಂಡಿನಂಥ ಕಳಶವಿದ್ದ ತಾಮ್ರದ ಮಾಡು. ಇಡೀ ಬೂತು ಕುಂಕುಮದ ಭರಣಿಯ ಹಾಗೆ ಕೆಂಪಗೆ. ನಾನು ಕಳಚಿಸಿದ ಬೂತುಗಳೆಲ್ಲ ಇದರ ಮುಂದೆ ತಗಡಿನ ಡಬ್ಬಗಳು ಅನ್ನಿಸಿತು.

ಕ್ಯಾಮೆರಾ ತೆಗೆಯುವಷ್ಟರಲ್ಲಿ ಬೂತಿನ ಹಿಂದಿನಿಂದ ಪೊರಕೆ ಹಿಡಿದ ಒಬ್ಬ ಹೆಂಗಸು ಬಂದರು. ಎಪ್ಪತ್ತೊಂಬತ್ತು ವರ್ಷ ಎಂದು ಆಮೇಲೆ ತಿಳಿಯಿತು. ನೀಲಿ ಕೋಟು, ಬಿಳಿಯ ಕ್ರಾಪು, ಬೆನ್ನು ನೆಟ್ಟಗೆ. ನಮ್ಮ ವ್ಯಾನಿನ ಮೇಲಿನ ಕಂಪನಿಯ ಹೆಸರನ್ನು ನಿಧಾನವಾಗಿ ಓದಿ, "ನೀವೇನಾ ಕೆಡವೋದಕ್ಕೆ ಬಂದವರು?" ಎಂದು ಸ್ವೀಡಿಷಿನಲ್ಲಿ ಕೇಳಿದರು.

"ಇವತ್ತಲ್ಲ" ಎಂದೆ. ನನ್ನ ಸಂಜೆ ತರಗತಿಯ ಸ್ವೀಡಿಷಿಗೆ ಅದಕ್ಕಿಂತ ಮೆತ್ತಗಿನ ಉತ್ತರ ಸಿಗಲಿಲ್ಲ.

ಅವರ ಹೆಸರು ಗುನ್ವೋರ್. ಹದಿನೆಂಟನೆಯ ವಯಸ್ಸಿನಲ್ಲಿ ಆ ಊರಿನ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿ ಸೇರಿದವರು. ಯಾರಾದರೂ ಬೂತಿನಿಂದ ಕರೆ ಮಾಡಿದರೆ, ಬೋರ್ಡಿನಲ್ಲಿ ತಂತಿ ಚುಚ್ಚಿ ಬೇಕಾದ ಊರಿಗೆ ಜೋಡಿಸಿಕೊಡುತ್ತಿದ್ದವರು ಇವರೇ. ಆ ಕಚೇರಿ ಹೋಗಿ ಬಹಳ ಕಾಲವಾಗಿತ್ತು. ಬೂತು ಉಳಿದಿತ್ತು, ಅದನ್ನು ಗುಡಿಸುತ್ತ ಇವರು ಉಳಿದಿದ್ದರು. ನಾನೂ ಎಕ್ಸ್‌ಚೇಂಜಿನವಳೇ ಎಂದು ಹೇಳಿದಾಗ ಅವರು ಪೊರಕೆಯನ್ನು ಮರಕ್ಕೆ ಒರಗಿಸಿಟ್ಟು ನನ್ನ ಕೈ ಹಿಡಿದುಕೊಂಡರು. ಒಂದೇ ಬೋರ್ಡಿನ ಮುಂದೆ ಪಕ್ಕಪಕ್ಕ ಕೂತು ದುಡಿದ ಇಬ್ಬರು ಸಿಕ್ಕ ಹಾಗಿತ್ತು ನಮಗೆ.

ಬೂತನ್ನು ಉಳಿಸಿ ಎಂದು ಅವರು ಎರಡು ವರ್ಷದಿಂದ ಬರೆಯುತ್ತಿದ್ದರು. ಕೊಮ್ಯೂನ್‌ಗೆ ಬರೆದರೆ, ಅಂದರೆ ನಮ್ಮ ಪುರಸಭೆಯ ಹಾಗಿರುವ ಸ್ಥಳೀಯ ಆಡಳಿತಕ್ಕೆ ಬರೆದರೆ, ಅದು ದೂರವಾಣಿ ಕಂಪನಿಯ ಆಸ್ತಿ, ಅವರನ್ನು ಕೇಳಿ ಎಂಬ ಉತ್ತರ. ಕಂಪನಿಗೆ ಬರೆದರೆ, ಊರಿನ ಚೌಕ ಕೊಮ್ಯೂನ್‌ಗೆ ಸೇರಿದ್ದು, ಅವರನ್ನು ಕೇಳಿ. ಎರಡೂ ಕಡೆಯ ಪತ್ರಗಳನ್ನು ಒಂದು ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದರು. ಇಂಥ ಫೈಲುಗಳನ್ನು ನಾನು ಮೈಸೂರಿನಲ್ಲಿ ಎಷ್ಟು ನೋಡಿಲ್ಲ! ಮೇಜಿನ ಆ ಕಡೆ ಕೂತವಳು ನಾನೇ ಆಗಿದ್ದೆ.

"ನನ್ನ ಕೈಲಿ ಏನೂ ಇಲ್ಲ" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬೂತಿನ ಬಾಗಿಲು ತೆಗೆದು, ರಿಸೀವರ್ ಎತ್ತಿ ನನ್ನ ಕಿವಿಗೆ ಹಿಡಿದರು. ಡಯಲ್ ಟೋನ್. ಚೊಕ್ಕವಾದ, ಒಂದಿಷ್ಟೂ ಗರಗರ ಇಲ್ಲದ ಟೋನ್. ನನ್ನ ವಿಸಿಟಿಂಗ್ ಕಾರ್ಡ್ ತೆಗೆದು ಅವರಿಗೆ ಕೊಟ್ಟೆ. ಆ ಕ್ಷಣಕ್ಕೆ ಅದನ್ನು ಬಿಟ್ಟರೆ ನನ್ನ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ.

ವ್ಯಾನಿನಲ್ಲೇ ಕೂತು ಮಾಟ್ಸ್‌ಗೆ ಫೋನು ಮಾಡಿದೆ. ಮಾಟ್ಸ್ ಕೆಟ್ಟವನಲ್ಲ. ಆದರೆ ಪಟ್ಟಿಯಲ್ಲಿರುವ ಪ್ರತಿ ಸಾಲೂ ಅವನಿಗೆ ಒಂದು ದಿನಾಂಕ. "ವಿಜಯಾ, ಚೆಂದವಾಗಿದೆ ಅನ್ನೋ ಕಾರಣಕ್ಕೆ ನಾನು ಕ್ರೇನ್ ನಿಲ್ಲಿಸೋಕಾಗಲ್ಲ. ಅಧಿಕಾರ ಇರೋ ಯಾರಾದರೂ ಬರೆದುಕೊಡಲಿ. ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಕಾಗದ ಬಂದರೆ ನಿಲ್ಲಿಸ್ತೀನಿ. ಬರದಿದ್ದರೆ ಗುರುವಾರ ಅದು ಹೋಗತ್ತೆ" ಎಂದ.

ಅವತ್ತೇ ಗುರುವಾರ. ಶನಿವಾರ, ಭಾನುವಾರ ಕಳೆದರೆ ಕೈಯಲ್ಲಿ ಮೂರೂವರೆ ದಿನ.

ರಾಘು ನನ್ನ ಮುಖ ನೋಡಿದ. "ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮ ಕಂಪನಿಗೆ ಕಾಂಟ್ರಾಕ್ಟ್ ಇರೋದು ತೆಗೆಯೋದಕ್ಕೆ. ತೆಗೀಬೇಡಿ ಅಂತ ನಾವೇ ಓಡಾಡಿದ್ರೆ ನಿಮ್ಮ ಪರ್ಮಿಟ್ ಗತಿ ಏನು?"

"ಮಾಟ್ಸ್ ಕಾಗದ ತನ್ನಿ ಅಂದಿದ್ದಾನಲ್ಲ, ಅದನ್ನು ತರೋದೂ ಕೆಲಸವೇ" ಎಂದೆ. ಧೈರ್ಯದಿಂದ ಹೇಳಿದೆ ಎಂದೇನಲ್ಲ. ಆ ಡಯಲ್ ಟೋನ್ ಇನ್ನೂ ಕಿವಿಯಲ್ಲಿತ್ತು.

ಶುಕ್ರವಾರ ಬೆಳಿಗ್ಗೆ ಕೊಮ್ಯೂನ್‌ನ ಕಚೇರಿಗೆ ಫೋನು ಮಾಡಿ, ಹಳೆಯ ಕಟ್ಟಡಗಳ ವಿಷಯ ನೋಡುವವರು ಯಾರು ಎಂದು ಕೇಳಿದೆ. ಹೆಲೆನಾ ಎಂಬಾಕೆಗೆ ಕೊಟ್ಟರು. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ, ಯಾವುದಕ್ಕೆ ಎಷ್ಟು ರಕ್ಷಣೆ ಬೇಕೆಂದು ವರದಿ ಕೊಡುವ ತಜ್ಞೆ. ನಾನು ಹೇಳಿದ್ದನ್ನೆಲ್ಲ ಆಕೆ ಬರೆದುಕೊಂಡಳು. ಆಮೇಲೆ ಎರಡೇ ಪ್ರಶ್ನೆ ಕೇಳಿದಳು. ಅದು ಕಟ್ಟಡವೋ, ಸಾಮಾನೋ? ಅದರ ಕೆಂಪು ಹಳೆಯದೋ, ಹೊಸದೋ?

ಮೊದಲ ಪ್ರಶ್ನೆ ನನಗೆ ತಮಾಷೆ ಅನ್ನಿಸಿತು. ಆಕೆ ವಿವರಿಸಿದ ಮೇಲೆ ನಗು ಹೋಯಿತು. ಅಲ್ಲಿನ ಕಾನೂನಿನ ಪ್ರಕಾರ ಕಟ್ಟಡವನ್ನು ಊರಿನ ಯೋಜನೆಯ, ಅಂದರೆ ಎಲ್ಲಿ ಏನು ಕಟ್ಟಬಹುದೆಂದು ತೋರಿಸುವ ನಕ್ಷೆಯ, ಒಳಗಿರುವ ಜಾಗದಲ್ಲಿ ಕೆಡವಬೇಕಾದರೆ ಕೊಮ್ಯೂನ್‌ನ ಪರವಾನಗಿ ಬೇಕು. ಬೆಂಚು, ಕಸದ ಡಬ್ಬ, ಫೋನಿನ ಸಾಧನ ಇವನ್ನು ತೆಗೆಯಲು ಬೇಕಿಲ್ಲ. ಕಟ್ಟಡ ಎನ್ನಿಸಿಕೊಳ್ಳಲು ಅದಕ್ಕೆ ಮಾಡು ಇರಬೇಕು, ನೆಲದ ಮೇಲೆ ಕಾಯಮ್ಮಾಗಿ ನಿಂತಿರಬೇಕು, ಒಳಗೆ ಮನುಷ್ಯ ಇರುವಂತೆ ಕಟ್ಟಿರಬೇಕು. ನಮ್ಮ ಪಟ್ಟಿಯಲ್ಲಿ ಅದು "ಸಾಗಿಸಬಹುದಾದ ಸಾಧನ." ಆ ಎರಡು ಪದ ಇರುವವರೆಗೆ ಯಾರೂ ಯಾವ ಪರವಾನಗಿಯನ್ನೂ ಕೇಳುವಂತಿರಲಿಲ್ಲ. ಗುನ್ವೋರ್ ಅವರ ಪತ್ರಗಳು ಎರಡು ವರ್ಷ ಆ ಕಡೆಯಿಂದ ಈ ಕಡೆಗೆ ಓಡಾಡಿದ್ದು ಇದರಿಂದಲೇ.

ಎರಡನೆಯ ಪ್ರಶ್ನೆಗೂ ಕಾರಣವಿತ್ತು. ಪ್ರವಾಸಿಗಳು ಫೋಟೊ ತೆಗೆಯಲಿ ಎಂದು ಇಂಗ್ಲೆಂಡಿನ ಬೂತುಗಳನ್ನು ನೋಡಿ ಯಾರಾದರೂ ಈಚೆಗೆ ಕೆಂಪು ಬಳಿದಿದ್ದರೆ, ರಕ್ಷಿಸಿ ಎಂದು ಬರೆಯಲು ಆಧಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. "ಸೋಮವಾರ ಬರ್ತೀನಿ. ಆದರೆ ಬಣ್ಣ ಕೆರೆದು ನೋಡಬೇಕಾಗತ್ತೆ. ಮಾಲೀಕರ ಒಪ್ಪಿಗೆ ಇದೆಯಾ?" ಎಂದಳು.

ಮಾಟ್ಸ್‌ನನ್ನು ಕೇಳಿದೆ. ಆತ ದೂರವಾಣಿ ಕಂಪನಿಯವರನ್ನು ಕೇಳಿ ಹತ್ತೇ ನಿಮಿಷದಲ್ಲಿ ತಿಳಿಸಿದ: "ಮುಂದಿನ ವಾರ ಕೆಡವೋ ಬೂತು, ಕೆರೆದರೆ ಯಾರಿಗೆ ನೋವು? ಕೆರೀರಿ."

ಸೋಮವಾರ ಒಂಬತ್ತು ಗಂಟೆಗೆ ನಾವು ನಾಲ್ವರೂ ಚೌಕದಲ್ಲಿದ್ದೆವು. ಹೆಲೆನಾ ಐವತ್ತರ ಹತ್ತಿರದವಳು. ಮಡಚಬಹುದಾದ ಆಪರೇಷನ್ನಿನ ಚಾಕು, ಕೈಗನ್ನಡಿಯಷ್ಟು ದೊಡ್ಡ ಭೂತಗನ್ನಡಿ, ಮಂಡಿ ಊರಲು ಒಂದು ಮೆತ್ತೆ ತಂದಿದ್ದಳು. ಬಣ್ಣದ ಪದರಗಳನ್ನು ಒಂದರ ಪಕ್ಕ ಒಂದು ಬೆರಳಗಲ ಕಾಣುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೆರೆಯುತ್ತಾರೆ. ಮೇಲಿನ ಮೆಟ್ಟಿಲು ಇವತ್ತಿನದು, ಕೊನೆಯದು ಮೊದಲ ದಿನದ್ದು. ಆಕೆ ಬಾಗಿಲಿನ ಕೆಳಗಿನ ಹಲಗೆಯನ್ನು ಆರಿಸಿಕೊಂಡಳು. ನಾವು ಮೂವರೂ ಬಗ್ಗಿ ನಿಂತೆವು. ಕೆಂಪು. ಅದರ ಕೆಳಗೆ ಬೂದು. ಬೂದಿನ ಕೆಳಗೆ ಕೆನೆಬಣ್ಣ. ಅದರ ಕೆಳಗೆ ಬರಿ ಮರ.

ಹೆಲೆನಾ ಚಾಕು ಮಡಚಿದಳು. "ಕೆಂಪು ಕೊನೆಯದಾಗಿ ಬಂದದ್ದು. ನಿಮ್ಮ ಪಟ್ಟಿ ಸರಿಯಾಗೇ ಇದೆ" ಎಂದಳು.

ರಾಘು ಆ ಕಡೆ ತಿರುಗಿ ನಿಂತ. ಗುನ್ವೋರ್ ಮಾತ್ರ ಬಾಗಿಲನ್ನೇ ನೋಡುತ್ತಿದ್ದರು.

"ಈ ಬಾಗಿಲು ಹಳೇದಲ್ಲವಲ್ಲ" ಎಂದರು.

"ಅಂದರೆ?"

"ಒಂದು ಚಳಿಗಾಲ ಹಿಮ ತಳ್ಳೋ ಟ್ರಾಕ್ಟರು ಬಂದು ಗುದ್ದಿತ್ತು. ವಸಂತ ಬರೋವರೆಗೆ ಬಾಗಿಲೇ ಇರಲಿಲ್ಲ. ಜನ ಟೋಪಿ, ಕೈಗವಸು ಹಾಕ್ಕೊಂಡೇ ಮಾತಾಡ್ತಿದ್ದರು. ಅವರ ಹಲ್ಲು ಕಟಕಟ ಅನ್ನೋದು ನನಗೆ ಬೋರ್ಡಿನಲ್ಲಿ ಕೇಳಿಸ್ತಿತ್ತು. ಆಮೇಲೆ ಹೊಸ ಬಾಗಿಲು ಮಾಡಿಸಿದರು. ಇದನ್ನು ಯಾರೂ ನನ್ನ ಕೇಳಲೇ ಇಲ್ಲ."

ಹೆಲೆನಾ ಮತ್ತೆ ಚಾಕು ತೆರೆದಳು. ಈ ಸಲ ಮಳೆ ಬೀಳದ, ಯಾರ ಕೈಯೂ ತಾಗದ ಜಾಗ ಹುಡುಕಿದಳು. ಹಿಂಬದಿಯ ಮೂಲೆಗಂಬ, ಮಾಡಿನ ಅಂಚಿನ ಕೆಳಗೆ. ರಾಘು ವ್ಯಾನಿನಿಂದ ಏಣಿ ತಂದು ಹಿಡಿದ. ಹೆಲೆನಾ ಮೇಲಿನಿಂದ ಒಂದೊಂದೇ ಬಣ್ಣ ಕೂಗುತ್ತಿದ್ದಳು, ನಾನು ಕೆಳಗೆ ಬರೆದುಕೊಳ್ಳುತ್ತಿದ್ದೆ. "ಕೆಂಪು." ಬರೆದೆ. "ಬೂದು." ಬರೆದೆ. "ಕೆನೆ." ಇಲ್ಲಿಯವರೆಗೆ ಬಾಗಿಲಿನ ಹಾಗೆಯೇ. ಆಮೇಲೆ "ಹಸಿರು!" ಎಂದಳು. ಬಾಗಿಲಿನಲ್ಲಿ ಹಸಿರು ಇರಲಿಲ್ಲ. ನನ್ನ ಪೆನ್ನು ನಿಂತುಹೋಯಿತು. ಚಾಕುವಿನ ಕರಕರ ಸದ್ದು ಬಿಟ್ಟರೆ ಚೌಕದಲ್ಲಿ ಬೇರೇನೂ ನನಗೆ ಕೇಳಿಸುತ್ತಿರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಆಕೆ ಭೂತಗನ್ನಡಿ ಹಿಡಿದಳು, ಇಳಿಸಿದಳು, ಮತ್ತೆ ಹಿಡಿದಳು.

"ಕೆಂಪು" ಎಂದಳು. "ಮರದ ಮೇಲೆ ನೇರವಾಗಿ, ಮೊದಲ ಬಣ್ಣ, ಕೆಂಪು."

ರಾಘು ಏಣಿ ಹಿಡಿದೇ "ಸೂಪರ್!" ಎಂದು ಕಿರುಚಿದ. ಬೇಕರಿಯ ಬಾಗಿಲಲ್ಲಿ ನಿಂತವರು ತಿರುಗಿ ನೋಡಿದರು. ಗುನ್ವೋರ್ ಏನೂ ಕಿರುಚಲಿಲ್ಲ. "ನಾನು ಕೆಲಸಕ್ಕೆ ಸೇರಿದಾಗ ಅದು ಹಸಿರಾಗಿತ್ತು. ಕೆಂಪಾಗಿತ್ತು ಅಂತ ನಮ್ಮ ತಾಯಿ ಹೇಳ್ತಿದ್ದರು. ನಾನು ನಂಬಿರಲಿಲ್ಲ" ಎಂದರು.

ಒಂದು ಪ್ರಶ್ನೆ ಮುಗಿಯಿತು. ಇನ್ನೊಂದು ಉಳಿದಿತ್ತು, ಅದು ಹೆಚ್ಚು ಕಷ್ಟದ್ದು. ಇದು ಕಾಯಮ್ಮಾಗಿ ಕಟ್ಟಿದ್ದೋ, ತಂದು ಇಟ್ಟಿದ್ದೋ? ಹೊರಗಿನಿಂದ ನೋಡಿದರೆ ಬೂತಿನ ಕೆಳಗೆ ಕಲ್ಲಿನ ಚಪ್ಪಡಿ ಕಾಣುತ್ತಿತ್ತು. ಚಪ್ಪಡಿಯ ಮೇಲೆ ಯಾವ ಡಬ್ಬವನ್ನು ಬೇಕಾದರೂ ಇಡಬಹುದು ಎಂದಳು ಹೆಲೆನಾ. ಬಣ್ಣ ಆಕೆಯ ವಿದ್ಯೆ. ಇನ್ನು ಮುಂದೆ ನನ್ನದು.

ಒಳಗಿನ ನೆಲಕ್ಕೆ ರಬ್ಬರಿನ ಹಾಸು ಅಂಟಿಸಿದ್ದರು. ಅದನ್ನು ಸುತ್ತಿ ತೆಗೆದು, ಕೆಳಗಿನ ಎರಡು ಹಲಗೆಗಳ ಸ್ಕ್ರೂ ಬಿಚ್ಚಿದೆವು. ನಾನು ಹೊಟ್ಟೆ ಅಡಿಯಾಗಿ ಮಲಗಿ, ತಲೆಯನ್ನು ಬೂತಿನೊಳಗೂ ಕಾಲನ್ನು ಚೌಕಕ್ಕೂ ಚಾಚಿ ಟಾರ್ಚು ಬಿಟ್ಟೆ. ಈಗಿನ ಪ್ಲಾಸ್ಟಿಕ್ ಕೇಬಲ್ಲು ಪಕ್ಕದಿಂದ, ಹಲಗೆಗೆ ಕೊರೆದ ತೂತಿನಿಂದ ಬಂದಿತ್ತು. ಅದು ಹೊಸದು, ಅದರಿಂದ ಏನೂ ತಿಳಿಯುವುದಿಲ್ಲ. ಟಾರ್ಚನ್ನು ಇನ್ನಷ್ಟು ಒಳಕ್ಕೆ ಚಾಚಿದೆ. ಚಪ್ಪಡಿಯ ನಟ್ಟನಡುವೆ, ಧೂಳಿನ ಅಡಿಯಲ್ಲಿ ಒಂದು ಮೊಂಡು ಕಂಡಿತು. ಬೂದುಬಣ್ಣದ, ಹೆಬ್ಬೆರಳು ದಪ್ಪದ ಮೊಂಡು. ಉಗುರಿನಿಂದ ಗೀರಿದೆ. ಗೀರು ಬೆಳ್ಳಿಯ ಹಾಗೆ ಹೊಳೆಯಿತು.

ಸೀಸ! ನನಗೆ ಕೂಗಬೇಕೆನ್ನಿಸಿತು. ಹಳೆಯ ಕಾಲದ ಟೆಲಿಫೋನ್ ಕೇಬಲ್ಲುಗಳಿಗೆ ಪ್ಲಾಸ್ಟಿಕ್ ಇರಲಿಲ್ಲ. ಪ್ರತಿ ತಂತಿಗೂ ಕಾಗದ ಸುತ್ತಿ, ಎಲ್ಲವನ್ನೂ ಸೇರಿಸಿ ಮೇಲೆ ಸೀಸದ ಕೊಳವೆ ಹೊದಿಸುತ್ತಿದ್ದರು. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಕೇಬಲ್ಲುಗಳನ್ನು ಬೆಸೆಯುವುದನ್ನು ಕಲಿಯಲು ನಾನು ಗುಂಡಿಗಳಲ್ಲಿ ದಿನಗಟ್ಟಲೆ ಕೂತಿದ್ದೇನೆ. ಕೈಬೆರಳಿಗೆ ಆ ಗೀರಿನ ಪರಿಚಯ ಇನ್ನೂ ಇದೆ. ಮೊಂಡಿನ ಬಾಯಿಯಲ್ಲಿ ಕಂದುಬಣ್ಣದ ಕಾಗದದ ಚೂರೂ ಇತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಕೇಬಲ್ಲು ಬಂದದ್ದು ಚಪ್ಪಡಿಯ ಪಕ್ಕದಿಂದಲ್ಲ, ಚಪ್ಪಡಿಯ ಒಳಗಿನಿಂದ. ಕಲ್ಲಿಗೆ ದುಂಡಗೆ ತೂತು ಕೊರೆದು, ಅದರ ಮೂಲಕ ಕೇಬಲ್ಲನ್ನು ನೆಲದಿಂದ ಮೇಲೆತ್ತಿದ್ದರು. ನಾಲ್ಕು ಮೂಲೆಗೂ ಟಾರ್ಚು ಬಿಟ್ಟೆ. ಕಂಬಗಳ ಕಬ್ಬಿಣದ ಪಾದಗಳನ್ನು ಕಲ್ಲಿನ ಗುಳಿಗಳಲ್ಲಿ ಇಳಿಸಿ, ಕಾಯಿಸಿದ ಸೀಸ ಹೊಯ್ದು ಭದ್ರ ಮಾಡಿದ್ದರು.

ತಲೆಗೂದಲ ತುಂಬ ಜೇಡರಬಲೆ ಹೊತ್ತು ಹೊರಗೆ ಬಂದೆ. ಮಾತು ಸ್ವೀಡಿಷಿನಲ್ಲೂ ಬರಲಿಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ. "ರಾಘು, ಇದನ್ನ ತಂದು ಇಟ್ಟಿಲ್ಲ ಕಣೋ, ಇಲ್ಲೇ ಕಟ್ಟಿದ್ದಾರೆ! ಕಲ್ಲು, ಕೇಬಲ್ಲು, ಬೂತು ಎಲ್ಲಾ ಒಂದೇ ಸಲದ ಕೆಲಸ. ಮೊದಲು ಇವರಿಗೆ ಹೇಳು!" ಎಂದೆ. ಅವನು ಹೇಳುತ್ತಿದ್ದಂತೆ ಹೆಲೆನಾ ತನ್ನ ಒಳ್ಳೆಯ ಕೋಟಿನ ಯೋಚನೆಯನ್ನೂ ಮಾಡದೆ ನೆಲದ ಮೇಲೆ ಮಲಗಿಬಿಟ್ಟಳು. ಒಳಗಿನಿಂದ ಆಕೆಯ ದನಿ ಬಂತು: "ಸಾಗಿಸಬಹುದಾದ ಸಾಧನವಂತೆ! ಇದನ್ನು ಸಾಗಿಸಬೇಕಾದರೆ ಚೌಕವನ್ನೇ ಅಗೆಯಬೇಕು."

ಬೇಕರಿಯವರು ಕಾಫಿ, ಏಲಕ್ಕಿ ಹಾಕಿದ ಬನ್ನು ಕಳಿಸಿದರು. ಬೂತಿನ ಸುತ್ತ ನಿಂತೇ ಫಿಕಾ ಮಾಡಿದೆವು. ಕಾಫಿ ವಿರಾಮ ಅಲ್ಲಿಯವರಿಗೆ ವ್ರತದಷ್ಟು ಮುಖ್ಯ. ಅವತ್ತು ಮಾತ್ರ ಹೆಲೆನಾ ಒಂದು ಕೈಲಿ ಬನ್ನು ಹಿಡಿದು ಇನ್ನೊಂದು ಕೈಲಿ ವರದಿ ಬರೆಯುತ್ತಿದ್ದಳು.

ಮಂಗಳವಾರ ಅವಳಿಂದ ಸುದ್ದಿಯಿಲ್ಲ. ಬುಧವಾರ ಹನ್ನೊಂದಕ್ಕೂ ಇಲ್ಲ. ಕೊಮ್ಯೂನ್‌ನ ಕಟ್ಟಡ ಸಮಿತಿ ಸೇರುವುದಕ್ಕೆ ಇನ್ನೂ ಮೂರು ವಾರವಿತ್ತು. ತುರ್ತು ಸಂದರ್ಭದಲ್ಲಿ ಅಧ್ಯಕ್ಷರೊಬ್ಬರೇ ನಿರ್ಧರಿಸಬಹುದು. ಆ ಸಹಿಗಾಗಿ ಹೆಲೆನಾ ಅಧ್ಯಕ್ಷರ ಹಿಂದೆ ಬಿದ್ದಿದ್ದಳು. ಹನ್ನೊಂದು ಇಪ್ಪತ್ತಕ್ಕೆ ಮೇಲ್ ಬಂತು. ಒಂದೇ ಪುಟ. ಈ ಬೂತು ಕಾನೂನಿನ ಅರ್ಥದಲ್ಲಿ ಕಟ್ಟಡ. ಪರವಾನಗಿ ಇಲ್ಲದೆ ಕೆಡವುವಂತಿಲ್ಲ. ಊರಿನ ಯೋಜನೆಯಲ್ಲಿ ಇದಕ್ಕೆ ರಕ್ಷಣೆ ಕೊಡುವ ವಿಷಯವನ್ನು ಕೊಮ್ಯೂನ್ ಪರಿಶೀಲಿಸುತ್ತಿದೆ.

ಮಾಟ್ಸ್ ಎರಡು ಸಲ ಓದಿದ. "ಕಾಗದ ಕೇಳಿದ್ದೆ, ತಂದುಕೊಟ್ಟೆ" ಎಂದು ನಕ್ಕು, ನನ್ನ ಎದುರಿಗೇ ಪಟ್ಟಿಯಲ್ಲಿ ಆ ಸಾಲನ್ನು ತಡೆಹಿಡಿದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಎಂಟು ದಾಟಿತ್ತು. ನದಿ ದಾಟಿ ಲಿಂಡ್‌ಹೋಲ್ಮೆನ್‌ಗೆ ಹೋಗುವ ದೋಣಿಯಲ್ಲಿ ನಿಂತಿದ್ದೆ. ಮೊಬೈಲ್ ಬಡಿದುಕೊಂಡಿತು. ತೆರೆಯ ಮೇಲಿನ ಸಂಖ್ಯೆ ನೋಡಿ ನಾನು ದೋಣಿಯ ಕಂಬಿ ಹಿಡಿದುಕೊಂಡೆ. ಅದು ಆ ಬೂತಿನ ಸಂಖ್ಯೆ. ಒಂದು ವಾರದಿಂದ ಎಷ್ಟು ಕಾಗದಗಳಲ್ಲಿ ಬರೆದಿದ್ದೆನೆಂದರೆ, ನನ್ನ ಮನೆಯ ನಂಬರಿಗಿಂತ ಚೆನ್ನಾಗಿ ನೆನಪಿತ್ತು.

"ವಿಜಯಾ, ಗುನ್ವೋರ್ ಮಾತಾಡ್ತಿದ್ದೀನಿ. ಕ್ರೇನು ಬಂದಿದೆ" ಎಂದರು. ದನಿಯಲ್ಲಿ ಗಾಬರಿ ಇರಲಿಲ್ಲ. ಕರೆ ಜೋಡಿಸುವ ಆಪರೇಟರಿನ ದನಿ. "ಇಬ್ಬರು ಬೋಲ್ಟು ಹುಡುಕ್ತಿದ್ದಾರೆ. ನಾನು ಒಳಗೆ ನಿಂತು ಬಾಗಿಲು ಹಾಕ್ಕೊಂಡಿದ್ದೀನಿ."

ಆಗಿದ್ದಿಷ್ಟು. ಮಾಟ್ಸ್ ನಮ್ಮ ಪಟ್ಟಿಯಲ್ಲಿ ತಡೆಹಿಡಿದಿದ್ದ. ಕ್ರೇನಿನ ಉಪಗುತ್ತಿಗೆದಾರರು ಹಿಂದಿನ ವಾರವೇ ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ. ಖುಷಿಯಲ್ಲಿ ಮರೆತಿದ್ದೆ.

"ಡ್ರೈವರಿಗೆ ಫೋನು ಕೊಡಿ" ಎಂದೆ.

ಬಾಗಿಲು ತೆರೆದ ಕಿರ್ ಸದ್ದು. "ಹೊರಗೆ ಬರಲ್ಲ, ಇಲ್ಲಿಂದಲೇ ಮಾತಾಡಿ" ಎಂದು ಗುನ್ವೋರ್ ಅವನಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಡ್ರೈವರಿನ ದನಿ, ಅವನಿಗೂ ಮುಜುಗರ. "ನಮಗೆ ಆರ್ಡರ್ ಇದೆ. ನಿಲ್ಲಿಸಬೇಕಾದರೆ ಮಾಟ್ಸ್ ಹೇಳಬೇಕು."

"ಒಂದು ನಿಮಿಷ" ಎಂದು ಅವನನ್ನು ಕಾಯಿಸಿ ಮಾಟ್ಸ್‌ಗೆ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಅವನು ಮಗುವನ್ನು ಶಿಶುವಿಹಾರಕ್ಕೆ ಬಿಡುವ ಹೊತ್ತು ಅದು. ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಪರ್ಮಿಟ್ಟು ನೆನಪಾಯಿತು, ರಾಘು ಕೇಳಿದ್ದ ಮಾತು ನೆನಪಾಯಿತು. ಮತ್ತೆ ಡ್ರೈವರಿನ ಕರೆಗೆ ಬಂದೆ.

"ನಾನು ವಿಜಯಾ, ಈ ಕೆಲಸದ ಕೋಆರ್ಡಿನೇಟರ್. ನಿಲ್ಲಿಸಿ ಅಂತ ಹೇಳ್ತಿರೋದು ನಾನು. ಏನಾದರೂ ಆದರೆ ನನ್ನ ಹೆಸರು ಬರಕೊಳ್ಳಿ. ಅದು ಕಟ್ಟಡ, ಒಳಗೆ ಮನುಷ್ಯರಿದ್ದಾರೆ."

ಅವನು ಗಟ್ಟಿಯಾಗಿ ನಕ್ಕ. "ಇದ್ದಾರೆ, ಅದಂತೂ ನಿಜ" ಎಂದ. ಕ್ರೇನಿನ ಎಂಜಿನ್ ನಿಂತ ಸದ್ದು ಅದೇ ತಂತಿಯಲ್ಲಿ ನನಗೆ ಕೇಳಿಸಿತು.

ಕಚೇರಿಗೆ ಹೋದ ಮೇಲೆ ಮಾಟ್ಸ್ ನನ್ನನ್ನು ಕೂರಿಸಿಕೊಂಡ. ಉಪಗುತ್ತಿಗೆದಾರರು ಆಗಲೇ ದೂರಿದ್ದರು. "ನನ್ನನ್ನು ಕೇಳದೆ ನಿಲ್ಲಿಸಿದೆ" ಎಂದ.

"ಹೌದು. ಅವರಿಗೆ ತಿಳಿಸೋದನ್ನು ಮರೆತದ್ದೂ ನಾನೇ" ಎಂದೆ.

ಅವನು ಕಾಫಿ ಲೋಟವನ್ನು ಸ್ವಲ್ಪ ಹೊತ್ತು ತಿರುಗಿಸಿದ. "ಎರಡನ್ನೂ ಬರೆದು ಕೊಡು. ಮರೆತದ್ದು ನಿನ್ನ ತಪ್ಪು. ನಿಲ್ಲಿಸಿದ್ದು ಸರಿ. ನಾನಿದ್ದಿದ್ದರೂ ನಿಲ್ಲಿಸ್ತಿದ್ದೆ, ಆದರೆ ಇಷ್ಟು ಬೇಗ ಅಲ್ಲ" ಎಂದ. ಪರ್ಮಿಟ್ಟಿನ ಮಾತು ಅವನ ಬಾಯಲ್ಲಿ ಬರಲೇ ಇಲ್ಲ. ವಾರವಿಡೀ ಅದು ನನ್ನ ತಲೆಯಲ್ಲಷ್ಟೇ ಇತ್ತು.

ಯೋಜನೆಯ ತಿದ್ದುಪಡಿಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ನೋಟಿಸು, ಆಕ್ಷೇಪಣೆಗೆ ಗಡುವು, ಮತ್ತೆ ಸಭೆ. ದೂರವಾಣಿ ಕಂಪನಿ ಬೂತನ್ನು ಕೊಮ್ಯೂನ್‌ಗೆ ಬಿಟ್ಟುಕೊಟ್ಟಿತು. ಆದರೆ ಲೈನು ಉಳಿಯಲಿಲ್ಲ. ಕಾನೂನು ಕಾಪಾಡುವುದು ಮರ, ಕಲ್ಲು, ತಾಮ್ರವನ್ನು. ಡಯಲ್ ಟೋನನ್ನಲ್ಲ. ಸಂಪರ್ಕ ಕಡಿಯುವ ದಿನ ಬೇರೆ ಯಾರನ್ನೂ ಕಳಿಸದೆ ನಾನೇ ಹೋದೆ. ಕಡಿಯುವ ಮೊದಲು ಕೊನೆಯ ಕರೆಯನ್ನು ಗುನ್ವೋರ್ ಅವರೇ ಮಾಡಲಿ ಎಂದೆ. ಮಕ್ಕಳಿಗೋ ಗೆಳತಿಯರಿಗೋ ಮಾಡುತ್ತಾರೆಂದುಕೊಂಡಿದ್ದೆ. ಅವರು ಸಮಯ ಹೇಳುವ ಸೇವೆಯ ಸಂಖ್ಯೆ ಒತ್ತಿ, ಕೇಳಿಸಿಕೊಂಡು, ತಮ್ಮ ಕೈಗಡಿಯಾರವನ್ನು ಸರಿಮಾಡಿಕೊಂಡು ರಿಸೀವರ್ ಇಟ್ಟರು. "ಡ್ಯೂಟಿ ಮುಗಿಸೋವಾಗ ನಾವು ಹೀಗೇ ಮಾಡ್ತಿದ್ದೆವು" ಎಂದರು.

ತಿದ್ದುಪಡಿಯಾದ ನಕ್ಷೆಯ ಪ್ರತಿಯನ್ನು ಹೆಲೆನಾ ನನಗೆ ಅಂಚೆಯಲ್ಲಿ ಕಳಿಸಿದಳು. ರಕ್ಷಿತ ಕಟ್ಟಡಕ್ಕೆ ಅಲ್ಲಿನ ನಕ್ಷೆಗಳಲ್ಲಿ q ಎಂಬ ಸಣ್ಣ ಅಕ್ಷರ ಹಾಕುತ್ತಾರೆ. ನಮ್ಮ ಬೂತು ಎಷ್ಟು ಪುಟ್ಟದೆಂದರೆ ಅಕ್ಷರಕ್ಕೆ ಅದರೊಳಗೆ ಜಾಗ ಸಾಲದೆ, ಪಕ್ಕದಲ್ಲಿ ಬರೆದು ಗೆರೆ ಎಳೆದು ತೋರಿಸಿದ್ದರು. ಆ ಬೂತನ್ನು ಇಷ್ಟಪಡುವವರು ಊರಿನಲ್ಲಿ ಮೊದಲಿನಿಂದಲೂ ಇದ್ದರು, ಗುಡಿಸುವವರು ಇದ್ದರು, ಪತ್ರ ಬರೆಯುವವರು ಇದ್ದರು. ಎರಡು ತಪ್ಪು ಪದ ಅವರೆಲ್ಲರ ಬಾಯಿ ಮುಚ್ಚಿಸಿದ್ದವು. ಅಂಥ ಪದಗಳನ್ನು ಬರೆಯುವ ಮೇಜಿನಲ್ಲಿ ಬಹಳ ವರ್ಷ ಕೂತವಳು ನಾನು. ಒಂದು ವಸ್ತುವಿಗೆ ಫೈಲಿನಲ್ಲಿ ಏನೆಂದು ಹೆಸರಿಡುತ್ತೇವೋ ಅದರ ಹಣೆಬರಹವನ್ನು ಅಲ್ಲೇ ಬರೆದ ಹಾಗೆ ಎಂಬುದನ್ನು ನನ್ನ ವೃತ್ತಿ ನನಗೆ ಅಷ್ಟು ತಡವಾಗಿ ಕಲಿಸಿತು. ಅಲ್ಲಿಂದ ಮುಂದೆ, ಕಣ್ಣಾರೆ ನೋಡಿ ಬರದ ಯಾವ ವಸ್ತುವಿನ ಮುಂದೆಯೂ ನಾನು "ಇತರೆ" ಎಂದು ಬರೆದಿಲ್ಲ.